ಓದುಗರ ಪ್ರಶ್ನೆ: ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು – ಯಾರು ಯಾರಿಗೆ ಏನು ಹೇಳಬಹುದು?

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ಸೇದುವವರದೂ ಇವೆ, ಸೇದದವರದೂ ಇವೆ. ಎರಡೂ ಕಡೆಯವರ ಮನಸ್ಸಿನಲ್ಲಿ ಒಂದೇ ತಪ್ಪು ಕಲ್ಪನೆ ಇರುವಂತಿದೆ. ಈ ಕಾನೂನು ತಮ್ಮನ್ನು ಒಬ್ಬರ ಮೇಲೊಬ್ಬರು ಜಗಳಕ್ಕೆ ಬಿಟ್ಟಿದೆ ಎಂದು ಇಬ್ಬರೂ ನಂಬಿದ್ದಾರೆ. ನಿಜವಾಗಿ ಕಾನೂನು ಹೊಣೆ ಹೊರಿಸಿರುವುದು ಜಾಗದ ಮಾಲೀಕನ ಮೇಲೆ, ಮ್ಯಾನೇಜರ್ ಮೇಲೆ. ಇದನ್ನು ಮನಸ್ಸಿನಲ್ಲಿಟ್ಟು ಕೆಳಗಿನ ಉತ್ತರಗಳನ್ನು ಓದಿ. ಕಾನೂನಿನ ಪ್ರಶ್ನೆಗಳಿಗೆ ವಕೀಲರು, ಹೋಟೆಲು-ಅಂಗಡಿಯ ಪ್ರಶ್ನೆಗಳಿಗೆ ತಪಾಸಣೆಯ ಕೆಲಸ ಬಲ್ಲವರು, ಮನೆಯ ಪ್ರಶ್ನೆಗೆ ಶ್ವಾಸಕೋಶ ವೈದ್ಯರು ಉತ್ತರಿಸಿದ್ದಾರೆ.

ದಿನಾ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತೇನೆ. ‘ಧೂಮಪಾನ ನಿಷೇಧಿಸಿದೆ’ ಫಲಕದ ಕೆಳಗೇ ನಿಂತು ಸೇದುತ್ತಾರೆ. ಒಮ್ಮೆ ಹೇಳಿದ್ದಕ್ಕೆ ‘ಏನ್ರೀ, ಬಸ್ ಸ್ಟ್ಯಾಂಡ್ ನಿಮ್ಮದಾ? ಬಯಲು ಜಾಗ ಇದು’ ಅಂದರು. ಅವರು ಹೇಳುವುದು ಸರಿಯೇ? ನಾನು ಯಾರಿಗೆ ದೂರು ಕೊಡಬೇಕು?
– ಉಪನ್ಯಾಸಕಿ, ಹುಬ್ಬಳ್ಳಿ

ಸರಿಯಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಕೋಟ್ಪಾ ಎಂದು ಕರೆಯುವ ಕಾಯ್ದೆಯ 4ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸುತ್ತದೆ. ‘ಬಯಲು ಜಾಗ’ಕ್ಕೆ ವಿನಾಯಿತಿ ಇರುವುದು ನಿಜ. ಆದರೆ 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಆ ವಿನಾಯಿತಿಗೆ ಮಿತಿ ಹಾಕಿದವು. ಬಸ್ ನಿಲ್ದಾಣ, ಬಸ್ ತಂಗುದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ಬಯಲು ರಂಗಮಂದಿರ ಇವೆಲ್ಲಕ್ಕೆ ಸೂರು ಇರಲಿ, ಇಲ್ಲದಿರಲಿ, ‘ಬಯಲು’ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಇನ್ನು ದೂರಿನ ವಿಚಾರ. ಸೇದುವವರ ಬಳಿ ನೀವೇ ಹೋಗಿ ವಾದಕ್ಕೆ ನಿಲ್ಲಬೇಕಾಗಿಲ್ಲ. ದೂರು ಯಾರಿಗೆ ಕೊಡಬೇಕು ಎಂದು ಆ ಜಾಗದಲ್ಲಿ ಬರೆದಿರಬೇಕು ಎಂಬುದು ನಿಯಮ. ಹೆಚ್ಚಿನ ಕಡೆ ಫಲಕ ಇರುತ್ತದೆ, ಹೆಸರಿನ ಜಾಗ ಮಾತ್ರ ಖಾಲಿ. ಆಗ ನಿಲ್ದಾಣದ ಕಂಟ್ರೋಲರ್ ಕೊಠಡಿಗೆ ಹೋಗಿ. ‘ಮೂರನೇ ಅಂಕಣದ ಹತ್ತಿರ ಇಬ್ಬರು ಸಿಗರೇಟು ಸೇದುತ್ತಿದ್ದಾರೆ, ನಿಲ್ಲಿಸಿ’ ಎಂದು ಇಷ್ಟೇ ಹೇಳಿ. ‘ಇಲ್ಲೆಲ್ಲ ಬರೀ ಹೊಗೆ’ ಎಂದರೆ ಯಾರೂ ಎದ್ದು ಬರುವುದಿಲ್ಲ. ಜಾಗ, ಹೊತ್ತು, ಎಷ್ಟು ಜನ ಎಂದು ಹೇಳಿದರೆ ಏಳಲೇಬೇಕಾಗುತ್ತದೆ. ಏಕೆಂದರೆ ದೂರು ಬಂದ ಮೇಲೂ ಸುಮ್ಮನೆ ಕುಳಿತರೆ, ಅಲ್ಲಿ ಎಷ್ಟು ಜನ ಸೇದುತ್ತಿದ್ದರೋ ಅಷ್ಟು ಜನರ ದಂಡ ಜಾಗದ ಉಸ್ತುವಾರಿ ಹೊತ್ತವರ ಮೇಲೆ ಬೀಳುತ್ತದೆ. ಐವರು ಸೇದುತ್ತಿದ್ದರೆ ಐದು ದಂಡ.

ಮೊದಲ ಸಲ ಬಾಯಿಮಾತಿನಲ್ಲಿ ಹೇಳಿ. ಎರಡನೇ ಸಲ ಅದನ್ನೇ ಒಂದು ಹಾಳೆಯಲ್ಲಿ ಬರೆದು, ಪ್ರತಿಯ ಮೇಲೆ ಸಹಿ, ತಾರೀಕು ಹಾಕಿಸಿಕೊಳ್ಳಿ. ಬರಹದ ದೂರಿಗೆ ಇರುವ ತೂಕವೇ ಬೇರೆ. ರೈಲು ನಿಲ್ದಾಣವಾದರೆ ಸ್ಟೇಷನ್ ಮಾಸ್ತರರಿಗೇ ದಂಡ ಹಾಕುವ ಅಧಿಕಾರವಿದೆ. ಓಡುವ ರೈಲಿನಲ್ಲಿ 139ಕ್ಕೆ ಕರೆ ಮಾಡಿ ಬೋಗಿ, ಸೀಟಿನ ಸಂಖ್ಯೆ ಹೇಳಿ. ನೀವು ಕಾಲೇಜಿನವರಾದ್ದರಿಂದ ಇನ್ನೊಂದು ಮಾತು: ಶಾಲೆ-ಕಾಲೇಜಿನ ಆವರಣದಲ್ಲಿ ಪ್ರಾಂಶುಪಾಲರು, ಮುಖ್ಯೋಪಾಧ್ಯಾಯರು, ಶಿಕ್ಷಕರಿಗೂ ಈ ನಿಯಮಗಳು ದಂಡ ವಿಧಿಸುವ ಅಧಿಕಾರ ಕೊಟ್ಟಿವೆ. ಗ್ರಂಥಾಲಯದಲ್ಲಿ ಗ್ರಂಥಪಾಲಕರಿಗೆ, ಆಸ್ಪತ್ರೆಯಲ್ಲಿ ವೈದ್ಯಕೀಯ ಅಧೀಕ್ಷಕರಿಗೆ ಇದೆ. ತಮಗೆ ಈ ಅಧಿಕಾರವಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಚಹಾ ಅಂಗಡಿ ಎದುರು ಫುಟ್‌ಪಾತಿನಲ್ಲಿ ಸೇದುತ್ತಿದ್ದೆ. ಒಬ್ಬರು ಬಂದು 1,000 ರೂಪಾಯಿ ದಂಡ ಎಂದರು, ಕೊನೆಗೆ 200ಕ್ಕೆ ಬಿಟ್ಟರು. ರಸೀದಿ ಕೊಡಲಿಲ್ಲ. ದಂಡ ನಿಜಕ್ಕೂ ಎಷ್ಟು? ನಾವು ಎಲ್ಲಿ ಸೇದಬೇಕು ಎಂದು ಒಬ್ಬರೂ ಹೇಳುವುದಿಲ್ಲ, ಎಲ್ಲಿ ಸೇದಬಾರದು ಎಂದು ಮಾತ್ರ ಎಲ್ಲರೂ ಹೇಳುತ್ತಾರೆ.
– ಗೂಡ್ಸ್ ವಾಹನ ಚಾಲಕ, ತುಮಕೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಕೇಂದ್ರದ ಕಾಯ್ದೆಯಲ್ಲಿ ದಂಡ 200 ರೂಪಾಯಿವರೆಗೆ. ಕರ್ನಾಟಕ ತನ್ನ ತಿದ್ದುಪಡಿಯಿಂದ ಅದನ್ನು 1,000 ರೂಪಾಯಿವರೆಗೆ ಏರಿಸಿದೆ. ಈ ತಿದ್ದುಪಡಿ 2024ರಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು, 2025ರ ಮೇ ತಿಂಗಳ ಕೊನೆಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ‘ವರೆಗೆ’ ಎಂಬ ಪದವನ್ನು ಗಮನಿಸಿ, 1,000 ಎಂಬುದು ಗರಿಷ್ಠ ಮಿತಿ. ಚೌಕಾಸಿ ಮಾಡಿ ಇಳಿಸುವ ಹಣವಂತೂ ದಂಡವೇ ಅಲ್ಲ.

ದಂಡ ಕೇಳಿದವರ ಗುರುತಿನ ಚೀಟಿ ನೋಡಲು ನಿಮಗೆ ಹಕ್ಕಿದೆ. ಪೊಲೀಸರಾದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರಬಾರದು. ಕ್ರಮಸಂಖ್ಯೆ ಮುದ್ರಿಸಿದ ಪುಸ್ತಕದಿಂದ ಅಥವಾ ಯಂತ್ರದಿಂದ ರಸೀದಿ ಬರಬೇಕು. ಅದರಲ್ಲಿ ಜಾಗ, ಹೊತ್ತು, ಯಾವ ಕಲಮು ಎಂದು ಇರಬೇಕು. ಯಾರದೋ ಸ್ವಂತ ಮೊಬೈಲ್ ನಂಬರಿಗೆ ಹಣ ಕಳಿಸಬೇಡಿ. ರಸೀದಿ ಇಲ್ಲ ಎಂದರೆ ‘ನ್ಯಾಯಾಲಯದಲ್ಲೇ ಕಟ್ಟುತ್ತೇನೆ, ಪ್ರಕರಣ ಬರೆದುಕೊಳ್ಳಿ ಸರ್’ ಎಂದು ಸಮಾಧಾನವಾಗಿ ಹೇಳಿ.

ಇನ್ನು ಎಲ್ಲಿ ಸೇದಬಹುದು ಎಂಬ ಪ್ರಶ್ನೆ. ಜನ ಬಂದು ಸೇರದ ತೆರೆದ ಬಯಲು, ನಿಮ್ಮ ಮನೆ, ನಿಯಮದ ಪ್ರಕಾರ ಕಟ್ಟಿದ ಸ್ಮೋಕಿಂಗ್ ಕೋಣೆ. ತೆರೆದ ರಸ್ತೆಯ ಮೇಲೆ 4ನೇ ಕಲಮು ಬೀಳುವುದಿಲ್ಲ, ಆದರೆ ಚಹಾ ಅಂಗಡಿಯ ತಗಡಿನ ಸೂರಿನ ಕೆಳಗೆ, ಅವರು ಹಾಕಿದ ಬೆಂಚಿನ ಮೇಲೆ ಕುಳಿತರೆ ಅದು ಉಪಾಹಾರದ ಜಾಗ, ಅಲ್ಲಿ ಬೀಳುತ್ತದೆ. ಹೆಚ್ಚಿನ ತಕರಾರು ಹುಟ್ಟುವುದು ಈ ಆರು ಅಡಿಯ ವ್ಯತ್ಯಾಸದಲ್ಲೇ. ಬೆಂಚಿನಿಂದ ಎದ್ದು, ಬಸ್ ತಂಗುದಾಣ, ಆಸ್ಪತ್ರೆ ಗೇಟು, ಎಟಿಎಂ ಬಾಗಿಲುಗಳಿಂದ ದೂರ, ಗಾಳಿ ಬೀಸುವ ದಿಕ್ಕಿನಲ್ಲಿ ಯಾರೂ ಇಲ್ಲದ ಕಡೆ ನಿಂತರೆ ಕಾನೂನಿಗೂ ಸರಿ, ಪಕ್ಕದವರಿಗೂ ಸರಿ. ಪೆಟ್ರೋಲ್ ಬಂಕು ಮತ್ತು ಸರಕು ತುಂಬಿದ ನಿಮ್ಮ ಗಾಡಿಯ ಹತ್ತಿರವಂತೂ ಬೇಡವೇ ಬೇಡ.

ಬೀಡಿಗೂ ಈ ನಿಷೇಧ ಅನ್ವಯವಾಗುತ್ತದೆಯೇ? ವೇಪ್‌ನಲ್ಲಿ ಹೊಗೆಯೇ ಇಲ್ಲವಲ್ಲ, ಅದಕ್ಕೆ?
– ಪದವಿ ವಿದ್ಯಾರ್ಥಿ, ಬಂಟ್ವಾಳ

ಬೀಡಿ, ಸಿಗರೇಟು, ಚುಟ್ಟಾ, ಹುಕ್ಕಾ ಎಲ್ಲಕ್ಕೂ ಅನ್ವಯ. ಹುಕ್ಕಾ ಬಾರ್ ನಡೆಸುವುದಕ್ಕೆ ಕರ್ನಾಟಕದಲ್ಲಿ ಈಗ 1ರಿಂದ 3 ವರ್ಷ ಜೈಲು ಮತ್ತು 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ವೇಪ್ ವಿಚಾರದಲ್ಲಿ ಸೇದುವ ಜಾಗದ ಪ್ರಶ್ನೆಗೂ ಮೊದಲೇ ಕಾನೂನು ಅಡ್ಡ ನಿಲ್ಲುತ್ತದೆ. ಇ-ಸಿಗರೇಟಿನ ತಯಾರಿಕೆ, ಮಾರಾಟ, ಆಮದು, ದಾಸ್ತಾನು, ಜಾಹೀರಾತು ಎಲ್ಲವನ್ನೂ 2019ರ ಕೇಂದ್ರ ಕಾಯ್ದೆ ದೇಶದಾದ್ಯಂತ ನಿಷೇಧಿಸಿದೆ. ಸ್ನೇಹಿತರಿಗೆಂದು ತರಿಸಿ ಮಾರಿದರೆ ಮೊದಲ ತಪ್ಪಿಗೇ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಹೊಗೆ ಕಾಣದಿದ್ದ ಮಾತ್ರಕ್ಕೆ ಬರೀ ನೀರಿನ ಆವಿ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದರಲ್ಲಿರುವುದು ನಿಕೋಟಿನ್ ಕರಗಿಸಿದ ದ್ರವ.

ನಮ್ಮದು 42 ಸೀಟಿನ ಫ್ಯಾಮಿಲಿ ರೆಸ್ಟೋರೆಂಟ್. ಸೇದುವ ಗಿರಾಕಿಗಳು ಬಿಟ್ಟುಹೋಗುತ್ತಾರೆಂದು ಹಿಂದಿನ ಮೂಲೆಯಲ್ಲಿ ಗಾಜಿನ ಕೋಣೆ ಮಾಡಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಆದರೂ ಹೊರಗಿನ ಟೇಬಲ್ಲಿನವರು ವಾಸನೆ ಎನ್ನುತ್ತಾರೆ. ತಪಾಸಣೆಗೆ ಬಂದವರು ಇದು ನಿಯಮಕ್ಕೆ ಸರಿಯಿಲ್ಲ ಎಂದರು. ಏನು ತಪ್ಪಾಗಿದೆ?
– ಹೋಟೆಲ್ ಮಾಲೀಕರು, ದಾವಣಗೆರೆ

30 ಅಥವಾ ಹೆಚ್ಚು ಸೀಟಿರುವ ರೆಸ್ಟೋರೆಂಟು, 30 ಅಥವಾ ಹೆಚ್ಚು ಕೊಠಡಿಯಿರುವ ವಸತಿ ಹೋಟೆಲು, ವಿಮಾನ ನಿಲ್ದಾಣ ಇವಕ್ಕೆ ಮಾತ್ರ ಸ್ಮೋಕಿಂಗ್ ಜಾಗ ಇಡಲು ಅವಕಾಶ. ನಿಮಗೆ 42 ಸೀಟು ಇರುವುದರಿಂದ ಅವಕಾಶವೇನೋ ಇದೆ. ನಿಂತು ತಿನ್ನುವ ದರ್ಶಿನಿಗಾಗಲಿ, ಇಪ್ಪತ್ತು ಸೀಟಿನ ಮೆಸ್ಸಿಗಾಗಲಿ ಅದೂ ಇಲ್ಲ.

ಕೋಣೆ ಹೇಗಿರಬೇಕು ಎಂಬುದನ್ನು ನಿಯಮ ಬಿಡಿಸಿ ಹೇಳಿದೆ. ನಾಲ್ಕೂ ಕಡೆ ನೆಲದಿಂದ ಛಾವಣಿವರೆಗೆ ಪೂರ್ಣ ಗೋಡೆ ಇರಬೇಕು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದಾಗಿದ್ದು, ಸಾಮಾನ್ಯವಾಗಿ ಮುಚ್ಚಿಯೇ ಇರಬೇಕು. ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಕಟ್ಟಡದ ಉಳಿದ ಗಾಳಿಯೊಂದಿಗೆ ಮತ್ತೆ ಬೆರೆಯಬಾರದು. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರಬೇಕು. ಹೋಗುವ-ಬರುವ ದಾರಿಯ ಬಾಯಲ್ಲಿ ಇರಬಾರದು. ಇಂಗ್ಲಿಷ್ ಮತ್ತು ಕನ್ನಡದಲ್ಲಿ ‘ಧೂಮಪಾನ ಪ್ರದೇಶ’ ಎಂದು ಬರೆದಿರಬೇಕು.

ನೀವು ಹೇಳಿದ ಲಕ್ಷಣ ನೋಡಿದರೆ ತಪ್ಪು ಈ ನಾಲ್ಕರಲ್ಲಿ ಎಲ್ಲೋ ಇದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಫಾಲ್ಸ್ ಸೀಲಿಂಗ್. ಗಾಜು ಫಾಲ್ಸ್ ಸೀಲಿಂಗಿನವರೆಗೆ ಹೋಗಿ ನಿಂತಿರುತ್ತದೆ. ಅದರ ಮೇಲಿನ ಒಂದೂವರೆ ಅಡಿ ಟೊಳ್ಳು ಇಡೀ ಹಾಲಿಗೆ ಒಂದೇ. ಬಿಸಿ ಹೊಗೆ ಮೇಲೇರಿ ಲೈಟಿನ ಸಂದಿಯಿಂದ ಒಳನುಗ್ಗಿ ಪಕ್ಕದ ಟೇಬಲ್ಲಿನ ತಲೆಯ ಮೇಲೆ ಇಳಿಯುತ್ತದೆ. ಗೋಡೆ ನಿಜವಾದ ಆರ್‌ಸಿಸಿ ಛಾವಣಿ ಮುಟ್ಟಬೇಕು. ಎರಡನೆಯದು ಏಸಿ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಇರುವ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಡಕ್ಟ್ ಏಸಿಯ ರಿಟರ್ನ್ ಜಾಲರಿ, ಅಂದರೆ ಗಾಳಿಯನ್ನು ಏಸಿಗೆ ವಾಪಸ್ ಎಳೆದುಕೊಳ್ಳುವ ಬಾಯಿ, ಕೋಣೆಯೊಳಗಿದ್ದರಂತೂ ಹೊಗೆಯನ್ನು ಹಾಲಿಗೆಲ್ಲ ಹಂಚಿದ ಹಾಗೆ. ಮೂರನೆಯದು ಬಾಗಿಲು: ಡೋರ್ ಕ್ಲೋಸರಿನ ಎಣ್ಣೆ ಸೋರಿ ಹಿಡಿತ ತಪ್ಪಿದರೆ, ಅಥವಾ ಸಪ್ಲೈಯರುಗಳು ಓಡಾಡಲು ಕುರ್ಚಿ ಅಡ್ಡ ಇಟ್ಟರೆ, ಕೋಣೆ ಇದ್ದೂ ಇಲ್ಲದಂತೆ.

ನಾಲ್ಕನೆಯದು ಫ್ಯಾನಿನ ಶಕ್ತಿ. ಇದನ್ನು ಲೆಕ್ಕ ಹಾಕಿ ನೋಡಿ. ಕೋಣೆ 3 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಎಂದರೆ 27 ಘನ ಮೀಟರ್ ಗಾಳಿ. ಫ್ಯಾನಿನ ಚೀಟಿಯಲ್ಲಿ ಗಂಟೆಗೆ 270 ಘನ ಮೀಟರ್ ಎಂದಿದ್ದರೆ ಗಂಟೆಗೆ ಹತ್ತು ಸಲ ಗಾಳಿ ಬದಲಾಗುತ್ತದೆ, ಅದೂ ಪೈಪು ನೇರವಿದ್ದು ಜಾಲರಿ ಸ್ವಚ್ಛವಾಗಿದ್ದರೆ. ಎರಡು ಮೊಳಕೈ ತಿರುವು, ಜಿಡ್ಡು ಹಿಡಿದ ರೆಕ್ಕೆ ಸೇರಿದರೆ ಅದರಲ್ಲಿ ಸಾಕಷ್ಟು ಇಳಿಯುತ್ತದೆ. ಬಾಯಿ ಯಾವ ಕಡೆಗಿದೆ ಎಂಬುದನ್ನೂ ನೋಡಿ. ಅಡುಗೆಮನೆ ಕಿಟಕಿಗೋ ಹಿಂದಿನ ಮನೆಯವರ ಹಿತ್ತಿಲಿಗೋ ಊದುತ್ತಿದ್ದರೆ ಇನ್ನೊಂದು ತಕರಾರು ಕಾದಿದೆ ಎಂದೇ ಅರ್ಥ.

ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಹೊರಗಡೆ ಕುಳಿತು ಬಾಗಿಲಿನ ಕೆಳಗಿನ ಸಂದಿಯ ಹತ್ತಿರ ಒಂದು ಊದಿನಕಡ್ಡಿ ಹಿಡಿಯಿರಿ. ಅದರ ಎಳೆ ಬಾಗಿ ಸಂದಿಯೊಳಕ್ಕೆ ಎಳೆದುಕೊಂಡು ಹೋಗಬೇಕು. ನೆಟ್ಟಗೆ ಮೇಲೇರಿದರೆ ಫ್ಯಾನ್ ಸಾಲದು. ನಿಮ್ಮ ಮುಖದ ಕಡೆಗೆ ತಿರುಗಿದರೆ ಒಳಗಿನ ಒತ್ತಡವೇ ಹೆಚ್ಚಿದೆ. ಸಂದಿಯ ನಾಲ್ಕು ಕಡೆಯೂ ಹೀಗೆ ನೋಡಿ. ಆದರೆ ಬಾಗಿಲಿನ ಕೆಳಗಿನ ಸಂದಿಯನ್ನು ರಬ್ಬರು ಪಟ್ಟಿಯಿಂದ ಬಿಗಿಯಬೇಡಿ. ಹೊರಗಿನ ಗಾಳಿ ಒಳಬರಲು ಒಂದು ದಾರಿ ಇಲ್ಲದಿದ್ದರೆ ಫ್ಯಾನಿಗೆ ಎಳೆಯಲು ಏನೂ ಇರುವುದಿಲ್ಲ, ಬಾಗಿಲು ತೆರೆದಾಗಲೆಲ್ಲ ಹೊಗೆ ಒಮ್ಮೆಲೇ ನುಗ್ಗುತ್ತದೆ.

ಮಾಲೀಕರು ಕೇಳಲು ಇಷ್ಟಪಡದ ನಿಯಮ ಇನ್ನೊಂದಿದೆ. 2017ರ ತಿದ್ದುಪಡಿಯ ನಂತರ ಸ್ಮೋಕಿಂಗ್ ಕೋಣೆಯಲ್ಲಿ ಸೇದುವುದು ಬಿಟ್ಟು ಬೇರೆ ಯಾವ ಸೇವೆಯೂ ಕೂಡದು. ಕಾಫಿ, ಊಟ, ಬಿಯರು ಯಾವುದನ್ನೂ ಒಳಗೆ ಕೊಡುವಂತಿಲ್ಲ. ಹಾಗಾಗಿ ‘ಸ್ಮೋಕಿಂಗ್ ಸೆಕ್ಷನ್ನಿನಲ್ಲಿ ನಾಲ್ಕು ಟೇಬಲ್’ ಎಂಬ ಲೆಕ್ಕಾಚಾರ ಬಿಟ್ಟುಬಿಡಿ. ಇದು ಗಿರಾಕಿಗಿಂತ ಹೆಚ್ಚಾಗಿ ಸಪ್ಲೈಯರ್ ಹುಡುಗನಿಗಾಗಿ ಬಂದ ನಿಯಮ. ಗಿರಾಕಿ ಮುಕ್ಕಾಲು ಗಂಟೆ ಕೂತು ಎದ್ದು ಹೋಗುತ್ತಾನೆ. ಹುಡುಗ ದಿನಕ್ಕೆ ಹತ್ತು ಗಂಟೆ ಅದೇ ಗಾಳಿ ಕುಡಿಯಬೇಕು.

ನಮ್ಮ ಸಲಹೆ ಕೇಳಿದರೆ, ಕೋಣೆ ತೆಗೆದು ಆರು ಸೀಟು ಹಾಕಿಸಿ. ಸರಿಯಾಗಿ ಕಟ್ಟಿದ ಕೋಣೆಯೂ ಹೊಗೆಯನ್ನು ಪೂರ್ತಿ ತಡೆಯುವುದಿಲ್ಲ. ಗಾಳಿ-ಏಸಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಆಶ್ರೇ ಕೂಡ, ಒಳಾಂಗಣದಲ್ಲಿ ಸೇದುವುದನ್ನು ನಿಲ್ಲಿಸುವುದೊಂದೇ ಉಪಾಯ ಎಂದಿದೆ.

ಫಲಕದ ಅಳತೆಯನ್ನೂ ಬರೆದಿಟ್ಟುಕೊಳ್ಳಿ, ತಪಾಸಣೆಯಲ್ಲಿ ಮೊದಲು ನೋಡುವುದು ಅದನ್ನೇ. ಕನಿಷ್ಠ 60 ಸೆಂ.ಮೀ. × 30 ಸೆಂ.ಮೀ., ಬಿಳಿ ಹಿನ್ನೆಲೆ. ಮೇಲೆ 15 ಸೆಂ.ಮೀ.ಗೆ ಕಡಿಮೆಯಿಲ್ಲದ ವೃತ್ತ, 3 ಸೆಂ.ಮೀ. ಕೆಂಪು ಅಂಚು, ನಡುವೆ ಹೊಗೆಯಾಡುವ ಸಿಗರೇಟು ಅಥವಾ ಬೀಡಿ, ಅದರ ಮೇಲೆ ಅಷ್ಟೇ ಅಗಲದ ಅಡ್ಡ ಕೆಂಪು ಪಟ್ಟಿ. ಕೆಳಗೆ ‘ಧೂಮಪಾನ ನಿಷೇಧಿತ ಪ್ರದೇಶ – ಇಲ್ಲಿ ಧೂಮಪಾನ ಮಾಡುವುದು ಅಪರಾಧ’. ಪ್ರವೇಶದಲ್ಲಿ, ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಬಳಿ, ಲಿಫ್ಟ್ ಬಾಗಿಲಲ್ಲಿ ಒಂದೊಂದು. ಎ4 ಹಾಳೆಯ ಪ್ರಿಂಟೌಟ್ ಅಂಟಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಆಷ್ ಟ್ರೇ, ಕಡ್ಡಿಪೆಟ್ಟಿಗೆ, ಲೈಟರ್ ಯಾವುದೂ ಟೇಬಲ್ ಮೇಲಾಗಲಿ ಗಲ್ಲಾದ ಮೇಲಾಗಲಿ ಇರಬಾರದು.

ಹಾಗಾದರೆ ನನ್ನ ಪೆಟ್ಟಿಗೆ ಅಂಗಡಿಯಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟ ಲೈಟರೂ ತಪ್ಪೇ? ಒಂದೊಂದೇ ಸಿಗರೇಟು ಮಾರಬಾರದು ಎನ್ನುತ್ತಾರೆ. ದಿನದ ದುಡಿಮೆಯವರು ಪ್ಯಾಕ್ ಕೊಳ್ಳುತ್ತಾರೆಯೇ?
– ಅಂಗಡಿಯವರು, ಅರಸೀಕೆರೆ

ಹೌದು, ತಪ್ಪು. ಅಂಗಡಿ ಮುಂದೆ ಸೇದಲು ಅನುಕೂಲ ಮಾಡಿಕೊಡುವ ಯಾವ ವಸ್ತುವೂ ಇರಬಾರದು. ಲೈಟರ್ ಇದ್ದರೆ ಜನ ಅಲ್ಲೇ ಹಚ್ಚಿ ಅಲ್ಲೇ ನಿಲ್ಲುತ್ತಾರೆ, ಹಾಲು-ಬ್ರೆಡ್ಡಿಗೆ ಬಂದ ಮಗುವಿನ ಮುಖಕ್ಕೆ ಹೊಗೆ ಬರುತ್ತದೆ. ಕಳಚಿ ಒಳಗಿಡಿ.

ಬಿಡಿ ಸಿಗರೇಟು ಮಾರಾಟವನ್ನು ಕರ್ನಾಟಕದ ತಿದ್ದುಪಡಿ ನಿಷೇಧಿಸಿದೆ. ವ್ಯಾಪಾರಕ್ಕೆ ಹೊಡೆತ ಬೀಳುತ್ತದೆ ಎಂಬ ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಕಾರಣವೂ ಗೊತ್ತಿರಲಿ. ಹದಿನಾರರ ಹುಡುಗ ಮೊದಲ ಸಲ ಕೊಳ್ಳುವುದು ಪ್ಯಾಕ್ ಅಲ್ಲ, ಒಂದು ಬಿಡಿ. ಪ್ಯಾಕಿನ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗದಲ್ಲಿ ಮುದ್ರಿಸಿದ ಎಚ್ಚರಿಕೆ ಚಿತ್ರ ಅವನ ಕಣ್ಣಿಗೇ ಬೀಳುವುದಿಲ್ಲ. ಮಾರಾಟದ ವಯಸ್ಸನ್ನೂ ರಾಜ್ಯದಲ್ಲಿ 18ರಿಂದ 21ಕ್ಕೆ ಏರಿಸಿದ್ದಾರೆ. ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ. ‘ಅಪ್ಪ ತರಲು ಹೇಳಿದರು’ ಎಂದರೂ ಕೊಡಬೇಡಿ. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗಿದ್ದರೆ ತಂಬಾಕು ಮಾರುವಂತೆಯೇ ಇಲ್ಲ.

ನನಗೀಗ 71. ಟಾಕೀಸಿನಲ್ಲಿ, ಬಸ್ಸಿನಲ್ಲಿ, ಆಫೀಸಿನ ಮೇಜಿನ ಮೇಲೆ ಎಲ್ಲ ಸೇದಿದವನು ನಾನು. ಈಗ ಕಳ್ಳನ ಹಾಗೆ ಮೂಲೆ ಹುಡುಕಬೇಕು. ಸರ್ಕಾರ ತೆರಿಗೆ ತಗೊಳ್ಳುತ್ತದೆ, ಆಮೇಲೆ ದಂಡವನ್ನೂ ಹಾಕುತ್ತದೆ. ಇದು ಯಾವ ನ್ಯಾಯ?
– ನಿವೃತ್ತ ಗುಮಾಸ್ತರು, ಮೈಸೂರು

ಹಿರಿಯರೇ, ಟಾಕೀಸಿನ ನಿಷೇಧ ನಿಮ್ಮ ಬಾಲ್ಯದಷ್ಟೇ ಹಳೆಯದು. ಆಗಿನ ಮೈಸೂರು ರಾಜ್ಯ 1963ರಲ್ಲೇ ಪ್ರದರ್ಶನ ಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳಲ್ಲಿ ಸೇದುವುದನ್ನು ತಡೆಯುವ ಕಾಯ್ದೆ ಮಾಡಿತ್ತು. ಜಾರಿ ಮಾತ್ರ ಸಡಿಲವಾಗಿತ್ತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಧೂಮಪಾನ ಕಾನೂನುಬಾಹಿರ ಎಂದಿತು. ಮುಂಬೈಯ ರಾಜಕಾರಣಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕೋರ್ಟು, ಸರ್ಕಾರಿ ಕಚೇರಿ, ಬಸ್ಸು-ರೈಲುಗಳಲ್ಲಿ ಸೇದುವುದನ್ನು ತಡೆಯಿತು. ಸೇದದವನು ತನ್ನ ತಪ್ಪಿಲ್ಲದೆ ಏಕೆ ಬದುಕು ಕಳೆದುಕೊಳ್ಳಬೇಕು ಎಂಬುದು ಅಲ್ಲಿನ ಮುಖ್ಯ ವಾದವಾಗಿತ್ತು. ಆಮೇಲೆ ಬಂದದ್ದು 2003ರ ಕಾಯ್ದೆ.

ನೀವು ಕಳ್ಳರಲ್ಲ. ಸೇದುವುದು ಅಪರಾಧ ಎಂದು ಕಾನೂನು ಎಲ್ಲೂ ಹೇಳಿಲ್ಲ, ಇನ್ನೊಬ್ಬರು ಉಸಿರಾಡುವ ಜಾಗದಲ್ಲಿ ಸೇದುವುದಷ್ಟೇ ಅಪರಾಧ. ನಿಮ್ಮನ್ನು ಗದರಿಸುವ, ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ತೆರಿಗೆಯ ಮಾತಿಗೂ ಉತ್ತರವಿದೆ. ತೆರಿಗೆ ಕಟ್ಟಿದ್ದರಿಂದ ನಿಮಗೆ ಸಿಗರೇಟು ಕೊಳ್ಳುವ ಹಕ್ಕು ಸಿಗುತ್ತದೆ, ಪಕ್ಕದವರ ಗಾಳಿಯ ಮೇಲಿನ ಹಕ್ಕು ಅದರೊಂದಿಗೆ ಬರುವುದಿಲ್ಲ. ಐರ್ಲೆಂಡ್ 2004ರ ಮಾರ್ಚ್ 29ರಂದು ಎಲ್ಲ ಕೆಲಸದ ಜಾಗಗಳಲ್ಲಿ, ಪಬ್ಬುಗಳಲ್ಲೂ ಸಹ, ನಿಷೇಧ ತಂದಾಗ ಪಬ್ ಸಂಸ್ಕೃತಿಯೇ ಮುಗಿಯಿತೆಂದು ದೊಡ್ಡ ಕೂಗೆದ್ದಿತ್ತು. ಇಡೀ ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಷ್ಟ್ರ ಅದು. ಜನ ಬಾಗಿಲಾಚೆ ಬಂದು ಸೇದಿ ಒಳಹೋಗುವುದನ್ನು ರೂಢಿ ಮಾಡಿಕೊಂಡರು.

ಕೆಳಗಿನ ಫ್ಲ್ಯಾಟಿನವರು ರಾತ್ರಿ ಬಾಲ್ಕನಿಯಲ್ಲಿ ಸೇದುತ್ತಾರೆ. ಹೊಗೆ ನಮ್ಮ ಮಲಗುವ ಕೋಣೆಗೆ ಬರುತ್ತದೆ. ಎಂಟು ತಿಂಗಳ ಮಗುವಿದೆ. ಕೇಳಿದರೆ ‘ನಮ್ಮ ಮನೆ, ನಮ್ಮಿಷ್ಟ’ ಎನ್ನುತ್ತಾರೆ. ಪೊಲೀಸರಿಗೆ ಹೇಳಬಹುದೇ?
– ಗೃಹಿಣಿ, ಬೆಂಗಳೂರು

ಸ್ವಂತ ಬಾಲ್ಕನಿ ಸಾರ್ವಜನಿಕ ಸ್ಥಳವಲ್ಲ. ಕೋಟ್ಪಾ ಅಲ್ಲಿಗೆ ಮುಟ್ಟುವುದಿಲ್ಲ. ಹಾನಿಕರವಾಗುವಂತೆ ಗಾಳಿ ಕೆಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮು 1,000 ರೂಪಾಯಿವರೆಗೆ ದಂಡ ಹೇಳುತ್ತದೆ, ಆದರೆ ಅದು ಸುತ್ತಲಿನ ಜನಸಾಮಾನ್ಯರಿಗೆ ಆಗುವ ತೊಂದರೆಗೆ ಇರುವಂಥದ್ದು. ಒಂದು ಮನೆಯ ಸಿಗರೇಟಿಗೆ ಅದನ್ನು ಹಿಡಿದು ಗೆಲ್ಲುವುದು ಕಷ್ಟ. ಲಿಫ್ಟು, ಮೆಟ್ಟಿಲು, ಪಡಸಾಲೆ, ಪಾರ್ಕಿಂಗುಗಳ ಮಾತು ಬೇರೆ. ಅಲ್ಲಿ ಫ್ಲ್ಯಾಟ್ ಮಾಲೀಕರ ಸಂಘ ಫಲಕ ಹಾಕಿಸಿ ಸೇದುವುದನ್ನು ತಡೆಯಬೇಕು.

ಬಾಲ್ಕನಿಗೆ ಕೆಲಸ ಮಾಡುವುದು ಸಂಘದ ಉಪವಿಧಿ. ಸರ್ವಸದಸ್ಯರ ಸಭೆಯಲ್ಲಿ ‘ಬಾಲ್ಕನಿಯಲ್ಲಿ ಸೇದಬಾರದು, ತಾರಸಿಯ ಈಶಾನ್ಯ ಮೂಲೆಯಲ್ಲಿ ಸೇದಬಹುದು’ ಎಂದು ಜಾಗ ತೋರಿಸಿಯೇ ನಿರ್ಣಯ ಮಾಡಿ. ಪರ್ಯಾಯ ಜಾಗ ಕೊಡದ ನಿರ್ಣಯ ಕಾಗದದ ಮೇಲೇ ಉಳಿದುಹೋಗುತ್ತದೆ. ಅದಕ್ಕೂ ಮೊದಲು ಒಂದು ವಾರ ಹೊಗೆ ಬಂದ ಹೊತ್ತನ್ನು ಬರೆದಿಡಿ. ಆ ಚೀಟಿ ಹಿಡಿದು, ಹಗಲು ಹೊತ್ತಿನಲ್ಲಿ, ಹೊಗೆ ಇಲ್ಲದಾಗ ಹೋಗಿ ಮಾತಾಡಿ. ‘ಅಣ್ಣ, ಮಗು ಒಂಬತ್ತಕ್ಕೆ ಮಲಗುತ್ತೆ, ಅಷ್ಟು ಹೊತ್ತಿಗೆ ಆ ಕಡೆ ಬಾಲ್ಕನಿಗೆ ಹೋಗ್ತೀರಾ?’ ಎಂದು ಕೇಳಿದರೆ ಒಪ್ಪುವವರು ಬಹಳ. ಹೊಗೆ ಮೂಗಿಗೆ ಬಡಿದ ಗಳಿಗೆಯಲ್ಲಿ ಮೇಲಿನಿಂದ ಕೂಗಿದರೆ ಇಬ್ಬರಿಗೂ ಹಟ ಏರುತ್ತದೆ.

ನಿಮ್ಮ ಕಡೆ ಮಾಡಬಹುದಾದದ್ದು: ರಾತ್ರಿ ಹೊರಗೆ ತಣ್ಣಗಾದಾಗ ಕಟ್ಟಡದ ಬಿಸಿ ಗಾಳಿ ಗೋಡೆಯುದ್ದಕ್ಕೂ ಮೇಲೇರುತ್ತದೆ. ಆ ಹೊತ್ತಿನಲ್ಲಿ ಬಾತ್‌ರೂಮಿನ ಎಕ್ಸಾಸ್ಟ್ ಓಡಿಸಬೇಡಿ, ಅದು ಬಾಲ್ಕನಿ ಕಡೆಯ ಹೊಗೆಯನ್ನೇ ಒಳಗೆ ಎಳೆಯುತ್ತದೆ. ಬಾಲ್ಕನಿ ಬಾಗಿಲಿನ ಸಂದಿಗೆ ಫೋಮ್ ಪಟ್ಟಿ ಅಂಟಿಸಿ, ಎದುರು ದಿಕ್ಕಿನ ಕಿಟಕಿ ತೆರೆಯಿರಿ.

ನಮ್ಮ ಆಫೀಸಿನಲ್ಲಿ ಸೇದುವವರಿಗೆ ದಿನಕ್ಕೆ ನಾಲ್ಕು ಬ್ರೇಕು, ನಮಗೆ ಒಂದೂ ಇಲ್ಲ. ಮೆಟ್ಟಿಲ ಬುಡದಲ್ಲಿ ಸೇದುತ್ತಾರೆ, ಮೂರು ಮಹಡಿ ವಾಸನೆ.
– ಲೆಕ್ಕಪತ್ರ ಸಹಾಯಕಿ, ಬೆಳಗಾವಿ

ಕೆಲಸದ ಜಾಗವೂ ಸಾರ್ವಜನಿಕ ಸ್ಥಳವೇ. ಮೆಟ್ಟಿಲ ಕೊಳವೆ ಚಿಮಣಿಯ ಹಾಗೆ, ಬುಡದಲ್ಲಿ ಒಂದು ಸಿಗರೇಟು ಹಚ್ಚಿದರೂ ಮೇಲಿನವರೆಗೆ ಹೋಗುತ್ತದೆ. ಖಾಸಗಿ ಕಚೇರಿಯಲ್ಲಿ ಎಚ್‌ಆರ್ ಅಥವಾ ಆಡಳಿತ ವಿಭಾಗದ ಮುಖ್ಯಸ್ಥರಿಗೇ ದಂಡ ಹಾಕುವ ಅಧಿಕಾರವಿದೆ, ಅವರಿಗೆ ಇಮೇಲ್ ಬರೆಯಿರಿ. ಬ್ರೇಕಿನ ಅಸಮಾಧಾನ ಬೇರೆ ವಿಷಯ, ಅದನ್ನು ಹೊಗೆಯ ದೂರಿನೊಂದಿಗೆ ಬೆರೆಸಬೇಡಿ; ಬೆರೆಸಿದರೆ ಹೊಟ್ಟೆಕಿಚ್ಚು ಎಂದು ಎರಡನ್ನೂ ತಳ್ಳಿಹಾಕುತ್ತಾರೆ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಹತ್ತು ನಿಮಿಷ ಎಲ್ಲರಿಗೂ ಸಮನಾಗಿ ಬಿಡುವು ಕೊಡಿ ಎಂದು ಕೇಳಿ. ಸೇದುವವರು ಅದರಲ್ಲೇ ಸೇದಲಿ, ನೀವು ನಡೆದಾಡಿ ಬನ್ನಿ.

ಯಜಮಾನರು ಹೊರಗೆಲ್ಲೂ ಸೇದಲು ಬಿಡುವುದಿಲ್ಲ ಎಂದು ಈಗ ಮನೆಯ ಹಾಲಿನಲ್ಲೇ ಸೇದುತ್ತಾರೆ. ಕಿಟಕಿ ತೆಗೆದು, ಫ್ಯಾನ್ ಹಾಕಿ, ಊದಿನಕಡ್ಡಿ ಹಚ್ಚುತ್ತೇನೆ. ಮಗನಿಗೆ ಆಸ್ತಮಾ. ಅವರಿಗೂ ಬಿಡುವ ಮನಸ್ಸಿದೆ, ಆಗುತ್ತಿಲ್ಲ.
– ಓದುಗರು, ಶಿರಸಿ

ಕಿಟಕಿ-ಫ್ಯಾನು ಸಾಲದು. ತಂಬಾಕಿನ ಹೊಗೆಯಲ್ಲಿ ಶೇ 80ಕ್ಕೂ ಹೆಚ್ಚು ಭಾಗ ಕಣ್ಣಿಗೆ ಕಾಣುವುದೇ ಇಲ್ಲ. ಸಿಗರೇಟು ಆರಿದ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿರುತ್ತದೆ, ಪರದೆ, ಸೋಫಾ, ದಿಂಬಿಗೆ ಅಂಟುತ್ತದೆ. ಊದಿನಕಡ್ಡಿ ಅದಕ್ಕೆ ಇನ್ನಷ್ಟು ಹೊಗೆ ಸೇರಿಸುತ್ತದೆ, ಆಸ್ತಮಾ ಇರುವ ಮಗುವಿನ ಮುಂದೆ ಅದನ್ನೂ ನಿಲ್ಲಿಸಿ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ 38.7 ಮಂದಿ ಮನೆಯೊಳಗೇ ಬೇರೆಯವರ ಹೊಗೆ ಕುಡಿಯುತ್ತಿದ್ದರು, ಕೆಲಸದ ಜಾಗದಲ್ಲಿ ಶೇ 30.2. ಕಾನೂನು ಕಾಲಿಡದ ಮನೆಯಲ್ಲೇ ಹೊಗೆ ಹೆಚ್ಚು.

ಮೊದಲ ಹೆಜ್ಜೆಯಾಗಿ ಇಂದಿನಿಂದಲೇ ಹೊಸ್ತಿಲೊಳಗೆ ಸೇದುವಂತಿಲ್ಲ ಎಂದು ಮಾಡಿ. ಚಳಿಯಿರಲಿ, ಮಳೆಯಿರಲಿ, ನೆಂಟರು ಬಂದಿರಲಿ, ವಿನಾಯಿತಿ ಬೇಡ. ಒಂದು ವಿನಾಯಿತಿ ಕೊಟ್ಟರೆ ವಾರದಲ್ಲಿ ಮತ್ತೆ ಹಾಲಿಗೇ ಬರುತ್ತದೆ. ಸಿಗರೇಟು, ಲೈಟರು ಗೇಟಿನ ಹತ್ತಿರದ ಡಬ್ಬಿಯಲ್ಲಿರಲಿ. ಎದ್ದು ಚಪ್ಪಲಿ ಹಾಕಿ ಅಂಗಳ ದಾಟಿ ಹೋಗಬೇಕಾದರೆ ದಿನದ ಎಣಿಕೆ ತಾನಾಗಿ ಇಳಿಯುತ್ತದೆ. ಸೇದಿ ಬಂದವರು ಕೈ-ಬಾಯಿ ತೊಳೆದು, ಅಂಗಿ ಬದಲಿಸಿ ಮಗುವನ್ನು ಎತ್ತಿಕೊಳ್ಳಲಿ. ಪರದೆ, ದಿಂಬಿನ ಕವರುಗಳನ್ನು ಈ ವಾರವೇ ಒಗೆಯಿರಿ.

ಬಿಡುವ ಮನಸ್ಸಿರುವುದು ದೊಡ್ಡ ಮಾತು. 1800-11-2356 ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ, ಸಿಗರೇಟು ಪ್ಯಾಕಿನ ಮೇಲೂ ಮುದ್ರಿತವಾಗಿರುತ್ತದೆ. ನಿಮ್ಹಾನ್ಸ್ ಅದರ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಮಿನಲ್ಲಿ ಸಿಗುತ್ತದೆ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4, ಉಳಿದವರಿಗೆ 2. ನಾಲ್ಕಕ್ಕೆ ವೈದ್ಯರ ಚೀಟಿ ಬೇಕು. ಹೃದಯದ ತೊಂದರೆ ಇದ್ದವರು ಎರಡಕ್ಕೂ ವೈದ್ಯರನ್ನು ಕೇಳಬೇಕು.

ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಬಬಲ್ ಗಮ್ಮಿನ ಹಾಗೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಚಟದ ಹಸಿವು ಮಾತ್ರ ತಣಿಯುವುದಿಲ್ಲ. ನಿಧಾನವಾಗಿ ಕೆಲವು ಸಲ ಅಗಿಯಬೇಕು. ಮೆಣಸಿನಂಥ ಚುರುಕು ಬಂದ ಕೂಡಲೇ ಅಗಿಯುವುದು ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿದು, ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಆಮೇಲೆ ನಿಧಾನವಾಗಿ ಇಳಿಸುತ್ತ ಬರಬೇಕು. ಗಮ್ ಹಾಕಿಕೊಳ್ಳುವ ಹದಿನೈದು ನಿಮಿಷ ಮೊದಲಿನಿಂದ ಉಗುಳುವವರೆಗೆ ಕಾಫಿ, ಚಹಾ, ನಿಂಬೆ ಪಾನಕ ಕುಡಿಯಬಾರದು; ಬಾಯಲ್ಲಿ ಹುಳಿ ಇದ್ದರೆ ಕೆನ್ನೆ ನಿಕೋಟಿನ್ ಹೀರುವುದಿಲ್ಲ. ಉಗುಳಿದ್ದನ್ನು ಕಾಗದದಲ್ಲಿ ಸುತ್ತಿ, ಮಗುವಿನ ಕೈಗೆ ಸಿಗದ ಹಾಗೆ ಎಸೆಯಿರಿ.